ಡೊಬ್ಯುಟಮೈನ್ ಸಿರಿಂಜ್ ಬದಲಿಸುವ ಹೊತ್ತು

ಹೃದಯ ವೈಫಲ್ಯದ ರೋಗಿ ಹುಬ್ಬಳ್ಳಿಯ ನಮ್ಮ ಐಸಿಯುಗೆ ಬಂದರೆ ನಾನು ಮೊದಲು ಮುಟ್ಟಿ ನೋಡುವುದು ಮೊಣಕಾಲು, ಪಾದ. ಮನೆಯವರು "ಕೈಕಾಲು ತಣ್ಣಗ ಆಗ್ಯಾವ್ರಿ" ಅಂದರೆ ಆ ಮಾತನ್ನು ಹಾಗೇ ಕೇಸ್ ಶೀಟಿನಲ್ಲಿ ಬರೆಯುತ್ತೇನೆ. ಮೈ ಬೆಚ್ಚಗಿದ್ದು, ಬಿ.ಪಿ. ಸರಿಯಿದ್ದು, ಬರೀ ಉಬ್ಬಸವಿದ್ದರೆ ಸಿರಿಂಜ್ ಪಂಪಿನಿಂದ ರಕ್ತನಾಳಕ್ಕೆ ಸತತವಾಗಿ ಬಿಡುವ ಡೊಬ್ಯುಟಮೈನ್ ಹಚ್ಚುವುದಿಲ್ಲ. ಕೈಕಾಲು ತಣ್ಣಗೆ, ಮೂತ್ರ ಗಂಟೆಗೆ 30 ಮಿ.ಲೀ.ಗಿಂತ ಕಡಿಮೆ, ಮಾತು ಮಂಕು, ಅಂಗಗಳಿಗೆ ರಕ್ತ ಸಾಲದಾಗ ಏರುವ ಲ್ಯಾಕ್ಟೇಟ್ 2ರ ಮೇಲೆ ಇದ್ದರೆ ಮಾತ್ರ. ಸೋತ ಹೃದಯವನ್ನು ಇನ್ನಷ್ಟು ದುಡಿಸುವ ಔಷಧಿ ಇದು. ಬೇಡದವರಿಗೆ ಕೊಟ್ಟರೆ ಬಡಿತದ ತಾಳ ತಪ್ಪಿಸುತ್ತದೆ.

250 ಮಿ.ಗ್ರಾಂ. ಔಷಧಿಗೆ 5% ಡೆಕ್ಸ್‌ಟ್ರೋಸ್ ಸೇರಿಸಿ ಒಟ್ಟು 50 ಮಿ.ಲೀ. ಮಾಡುತ್ತೇವೆ. ಆಗ 1 ಮಿ.ಲೀ.ಗೆ 5 ಮಿ.ಗ್ರಾಂ. ಅರವತ್ತು ಕಿಲೋ ತೂಕದವರಿಗೆ ಕಿಲೋಗೆ ನಿಮಿಷಕ್ಕೆ 2.5 ಮೈಕ್ರೋಗ್ರಾಂ ಎಂದರೆ ಗಂಟೆಗೆ 1.8 ಮಿ.ಲೀ.; 5 ಮೈಕ್ರೋಗ್ರಾಂಗೆ 3.6. ಎಲ್ಲ ಪಾಳಿಯಲ್ಲೂ ಇದೇ ಅಳತೆ. ಒಬ್ಬರು ಎರಡು ಪಟ್ಟು ಗಟ್ಟಿ ಮಾಡಿ ಲೇಬಲ್ ಹಚ್ಚದೆ ಹೋದರೆ ಮುಂದಿನ ಪಾಳಿಯವರು ಅದೇ ವೇಗದಲ್ಲಿ ಎರಡು ಪಟ್ಟು ಔಷಧಿ ಬಿಟ್ಟಂತೆ. ಸೋಡಾಬೈಕಾರ್ಬ್ ಹೋಗುವ ಲೈನಿಗೆ ಇದನ್ನು ಸೇರಿಸಬಾರದು.

ಡೊಬ್ಯುಟಮೈನ್ ರಕ್ತನಾಳಗಳನ್ನು ಸಡಿಲಿಸುತ್ತದೆ ಕೂಡ. ಆದ್ದರಿಂದ ಮೇಲಿನ ಬಿ.ಪಿ. 90ರ ಕೆಳಗಿದ್ದರೆ ರಕ್ತನಾಳ ಬಿಗಿಸುವ ನಾರ್‌ಅಡ್ರಿನಲಿನ್ ಜೊತೆಯಲ್ಲಿ ಹಚ್ಚಿಯೇ ಶುರು ಮಾಡುತ್ತೇನೆ. ರಕ್ತದ ಪೊಟ್ಯಾಸಿಯಂ 4ರ ಆಸುಪಾಸು ಇರಲೇಬೇಕು, ಇಳಿದರೆ ಬಡಿತದ ತಾಳ ತಪ್ಪುತ್ತದೆ. ಮೂತ್ರ ಹೆಚ್ಚಿಸುವ ಫ್ಯೂರೋಸೆಮೈಡ್ ಅದನ್ನು ಸದ್ದಿಲ್ಲದೆ ಇಳಿಸುತ್ತಿರುತ್ತದೆ. ಬಡಿತ ತಗ್ಗಿಸುವ ಬೀಟಾ ಬ್ಲಾಕರ್ ಗುಳಿಗೆ ನುಂಗುತ್ತಿದ್ದವರಲ್ಲಿ ಡೊಬ್ಯುಟಮೈನ್ ಮೆತ್ತಗೆ ಕೆಲಸ ಮಾಡುತ್ತದೆ. ಅಂಥವರಿಗೆ ಬೇರೆ ದಾರಿಯಲ್ಲಿ ಹೃದಯಕ್ಕೆ ಬಲ ಕೊಡುವ ಮಿಲ್ರಿನೋನ್ ಒಳ್ಳೆಯದು, ಮೂತ್ರಪಿಂಡ ಸರಿಯಿದ್ದರೆ. ಮಿಲ್ರಿನೋನನ್ನು ಫ್ಯೂರೋಸೆಮೈಡ್ ಇರುವ ಲೈನಿನಲ್ಲಿ ಬಿಟ್ಟರೆ ಹೆಪ್ಪುಗಟ್ಟಿದಂತೆ ಬೆಳ್ಳಗಾಗುತ್ತದೆ.

ನಾನು ಹೊಸಬರಿಗೆ ಮತ್ತೆ ಮತ್ತೆ ಹೇಳುವುದು ಸಿರಿಂಜ್ ಬದಲಿಸುವ ಬಗ್ಗೆ. ಡೊಬ್ಯುಟಮೈನ್‌ನ ಅರ್ಧಾಯು, ಅಂದರೆ ರಕ್ತದಲ್ಲಿ ಅರ್ಧಕ್ಕಿಳಿಯುವ ಹೊತ್ತು, ಸುಮಾರು 2 ನಿಮಿಷ. ಹೊಸ ಸಿರಿಂಜ್ ಹಾಕಿದಾಗ ಪಂಪಿನ ಹಿಡಿಕೆಗೂ ಪಿಸ್ಟನ್‌ಗೂ ನಡುವೆ ಕೂದಲೆಳೆಯಷ್ಟು ಜಾಗ ಉಳಿದರೂ ಸಾಕು: ಗಂಟೆಗೆ 1.8 ಮಿ.ಲೀ. ವೇಗದಲ್ಲಿ ಆ ಜಾಗ ತುಂಬಲು ನಿಮಿಷಗಳೇ ಹಿಡಿಯುತ್ತವೆ. ಪಂಪ್ ಹಸಿರು ದೀಪ ತೋರಿಸುತ್ತಿರುತ್ತದೆ, ರೋಗಿಗೆ ಹನಿಯೂ ಹೋಗಿರುವುದಿಲ್ಲ, ಬಿ.ಪಿ. ಜಾರುತ್ತದೆ. ಗಾಬರಿಯಲ್ಲಿ ಪರ್ಜ್ (ಔಷಧಿಯನ್ನು ರಭಸದಿಂದ ತಳ್ಳುವ ಗುಂಡಿ) ಒತ್ತಿದರೆ ಒಮ್ಮೆಲೇ ಒಳಹೋಗಿ ಬಡಿತ 150 ದಾಟುತ್ತದೆ. ಹಾಗಾಗಿ 5 ಮಿ.ಲೀ. ಉಳಿದಾಗಲೇ ಎರಡನೇ ಪಂಪಿನಲ್ಲಿ ಹೊಸ ಸಿರಿಂಜ್ ಹಾಕಿ, ಲೈನ್ ರೋಗಿಗೆ ಜೋಡಿಸುವ ಮೊದಲೇ ಪರ್ಜ್ ಮಾಡಿ, ತುದಿಯಲ್ಲಿ ಹನಿ ಕಂಡ ಮೇಲೆ ಅದೇ ವೇಗದಲ್ಲಿ ತ್ರೀ-ವೇಗೆ (ಎರಡು ಲೈನ್ ಸೇರುವ ಮೂರು ಬಾಯಿಯ ನಲ್ಲಿ) ಜೋಡಿಸುತ್ತೇವೆ. ಬಿ.ಪಿ. ತುಸು ಏರಿದಾಗ ಹಳೆಯದನ್ನು ನಿಲ್ಲಿಸುತ್ತೇವೆ. ಆ ಲೈನಿನಲ್ಲಿ ಬೇರೆ ಇಂಜೆಕ್ಷನ್ ತಳ್ಳುವುದಿಲ್ಲ.

ಗದಗಿನಿಂದ ಹುಬ್ಬಳ್ಳಿಗೆ ಸುಮಾರು 60 ಕಿ.ಮೀ. ಆಂಬ್ಯುಲೆನ್ಸಿನಲ್ಲಿ ಕಳಿಸುವವರಿಗೂ ಇದೇ ಮಾತು: ಪಂಪಿನ ಬ್ಯಾಟರಿ ನೋಡಿ, ತುಂಬಿದ ಇನ್ನೊಂದು ಸಿರಿಂಜ್ ಲೇಬಲ್ ಸಮೇತ ಕೈಯಲ್ಲಿರಲಿ.

ಡೊಬ್ಯುಟಮೈನ್ ಇಳಿಸುವಾಗ ಒಮ್ಮೆಗೆ 1ರಿಂದ 2 ಮೈಕ್ರೋಗ್ರಾಂನಷ್ಟೇ, ಕೆಲವು ತಾಸು ಬಿಟ್ಟು ಬಿಟ್ಟು. ಪಾದ ಮತ್ತೆ ತಣ್ಣಗಾದರೆ ಹಿಂದಿನ ಮಟ್ಟಕ್ಕೆ.

ಮನೆಗೆ ಹೋಗುವಾಗ ಕೆಲವರಿಗೆ ಹೃದಯಕ್ಕೆ ಬಲ ಕೊಡುವ ಡಿಗಾಕ್ಸಿನ್ ಗುಳಿಗೆ ಬರೆಯುತ್ತೇನೆ, ವಯಸ್ಸಾದವರಿಗೆ 0.125 ಮಿ.ಗ್ರಾಂ. ಅದು ಹೆಚ್ಚಾದ ಮೊದಲ ಗುರುತು ಹಲವರಲ್ಲಿ ಕಣ್ಣಿಗೆ ಎಲ್ಲ ಹಳದಿ ಕಾಣುವುದಲ್ಲ, "ರೊಟ್ಟಿ ಸೇರವಲ್ದು" ಎಂಬ ಮಾತು. ಪಿತ್ತ ಎಂದು ತಿಳಿದು ಜನ ಗುಳಿಗೆ ಮುಂದುವರಿಸುತ್ತಾರೆ. ರಕ್ತದಲ್ಲಿ ಡಿಗಾಕ್ಸಿನ್ ಮಿ.ಲೀ.ಗೆ 0.5ರಿಂದ 0.9 ನ್ಯಾನೋಗ್ರಾಂ ಸಾಕು. ಪರೀಕ್ಷೆಯ ದಿನ ರಕ್ತ ಕೊಟ್ಟ ಮೇಲೆಯೇ ಗುಳಿಗೆ ನುಂಗಿ ಎಂದು ಚೀಟಿಯಲ್ಲಿ ಬರೆದು ಕೊಡುತ್ತೇನೆ. ನುಂಗಿ 6 ತಾಸು ಕಳೆಯುವ ಮೊದಲೇ ತೆಗೆದ ರಕ್ತದಲ್ಲಿ ಅಂಕಿ ಸುಳ್ಳೇ ಹೆಚ್ಚು ಬರುತ್ತದೆ.