ತುಳಸಿಯ ನೆಂಟನಿಗೆ ತುಳಸಿಯ ಉಪಚಾರ ಬೇಡ: ಕುಂಡದಲ್ಲಿ ಸೇಜ್ ಬೆಳೆಸುವ ಬಗೆ

ಅಡುಗೆಗೆ ಘಮದ ಎಲೆ ಕೊಡುವ ಸೇಜ್ ಗಿಡ ತಂದವರು ಮೊದಲು ಕಲಿಯಬೇಕಾದದ್ದು ನೀರು ಹಾಕದೆ ಸುಮ್ಮನಿರುವುದನ್ನು. ನನ್ನ ಮೊದಲ ಗಿಡ ಜನವರಿಯಲ್ಲಿ ಮನೆಗೆ ಬಂತು. ಜುಲೈ ಕಳೆಯುವಷ್ಟರಲ್ಲಿ ಬುಡ ಕಪ್ಪಾಗಿ ಕೊಳೆತುಹೋಯಿತು. ಮೈಸೂರಿನ ನಮ್ಮ ತಾರಸಿಯಲ್ಲಿ ಅದರ ಕುಂಡ ಇದ್ದದ್ದು ತುಳಸಿಯ ಪಕ್ಕದಲ್ಲೇ. ಅತ್ತೆ ದಿನಾ ಬೆಳಿಗ್ಗೆ ಸ್ನಾನ ಮುಗಿಸಿ ತುಳಸಿಗೆ ನೀರೆರೆದು, ಚೊಂಬಿನಲ್ಲಿ ಉಳಿದದ್ದನ್ನು ಇದಕ್ಕೂ ಹಾಕುತ್ತಿದ್ದರು. "ಇದೂ ತುಳಸಿ ಕುಲದ್ದೇ ಅಂತ ನೀನೇ ಅಂದಿದ್ದೆಯಲ್ಲಮ್ಮ" ಎಂದು ತುಂಬಾ ನೊಂದುಕೊಂಡರು. ಅವರು ಅಂದದ್ದರಲ್ಲಿ ತಪ್ಪಿಲ್ಲ. ಕುಲ ಒಂದೇ, ಹುಟ್ಟಿದ ನೆಲ ಬೇರೆ. ಅಡುಗೆಯ ಸೇಜ್ ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ಒಣ, ಕಲ್ಲುಮಣ್ಣಿನ ಇಳಿಜಾರಿನ ಗಿಡ. ಅಲ್ಲಿ ಮಳೆ ಚಳಿಗಾಲದಲ್ಲಿ, ಬೇಸಿಗೆಯೆಲ್ಲ ಒಣಹವೆ. ನಮ್ಮ ಮುಂಗಾರಿನ ಜಿಟಿಜಿಟಿ ಅದಕ್ಕೆ ಗೊತ್ತೇ ಇಲ್ಲ.

ಕುಲ ಒಂದೇ ಎಂಬುದನ್ನು ಕೈಯಲ್ಲೇ ಪರೀಕ್ಷಿಸಬಹುದು. ಎಳೆ ಕಾಂಡವನ್ನು ಬೆರಳ ನಡುವೆ ಹೊರಳಿಸಿದರೆ ತುಳಸಿಯಂತೆಯೇ ನಾಲ್ಕು ಮೂಲೆ ಸಿಗುತ್ತದೆ. ಎಲೆಗಳು ಎದುರುಬದುರು, ಹೂವಿಗೆ ಎರಡು ತುಟಿ. ಆದರೆ ಸೇಜ್ ಎಲೆ ಬೂದುಹಸಿರು, ಮೇಲ್ಮೈಯೆಲ್ಲ ಸಣ್ಣ ಸಣ್ಣ ಉಬ್ಬು, ಸವರಿದರೆ ಎಳೆಗರುವಿನ ಕಿವಿ ಮುಟ್ಟಿದ ಹಾಗೆ. ಉಜ್ಜಿ ಮೂಸಿದರೆ ಕರ್ಪೂರದ ಛಾಯೆಯ ಒಗರು ವಾಸನೆ.

ಸಸ್ಯಶಾಸ್ತ್ರದಲ್ಲಿ ಇದು ಸಾಲ್ವಿಯಾ ಅಫಿಸಿನಾಲಿಸ್. ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ಇಟ್ಟ ಹೆಸರು. ಸಾಲ್ವಿಯಾ ಎಂಬುದು ಆರೋಗ್ಯ, ಗುಣವಾಗುವುದು ಎಂಬ ಅರ್ಥದ ಲ್ಯಾಟಿನ್ ಬೇರಿನಿಂದ ಬಂದದ್ದು. ಅದೇ ಫ್ರೆಂಚರ ಬಾಯಲ್ಲಿ ಸವೆದು ಇಂಗ್ಲಿಷಿನಲ್ಲಿ ಸೇಜ್ ಆಯಿತು. ಋಷಿ ಎಂಬರ್ಥದ ಸೇಜ್ ಬೇರೆಯೇ ಪದ, ಹಾಗಾಗಿ ಇದನ್ನು 'ಋಷಿ ಗಿಡ' ಎಂದು ಅನುವಾದಿಸಬೇಡಿ.

ಹೆಸರು ಇಷ್ಟು ಬಿಡಿಸಿ ಹೇಳಲು ಕಾರಣವಿದೆ. ನರ್ಸರಿಗೆ ಹೋಗಿ ಬರೀ "ಸಾಲ್ವಿಯಾ ಕೊಡಿ" ಎಂದರೆ ಕೆಂಪು ಹೂವಿನ ಗಿಡ ಕೈಗಿಡುತ್ತಾರೆ. ಅದು ಬ್ರೆಜಿಲ್ ಮೂಲದ ಸಾಲ್ವಿಯಾ ಸ್ಪ್ಲೆಂಡೆನ್ಸ್. ಲಾಲ್‌ಬಾಗಿನ ಹೂಪಾತಿಗಳಲ್ಲಿ ಕಂಡಿರುತ್ತೀರಿ. ಚೆಂದದ ಗಿಡ, ಅಡುಗೆಗಲ್ಲ. ಸಾಲ್ವಿಯಾ ಎಂಬ ಈ ಹೆಸರಿನಡಿ ಸಾವಿರದ ಹತ್ತಿರ ಪ್ರಭೇದಗಳಿವೆ. ರೋಸ್‌ಮೇರಿಯನ್ನೂ 2017ರಲ್ಲಿ ಸಸ್ಯವಿಜ್ಞಾನಿಗಳು ಇದಕ್ಕೇ ಸೇರಿಸಿದರು. ನಮ್ಮ ಹೆಗ್ಗಡದೇವನಕೋಟೆ ಕಡೆ ರೈತರು ಬೆಳೆದ ಚಿಯಾ ಕೂಡ ಮೆಕ್ಸಿಕೋ ಕಡೆಯ ಸಾಲ್ವಿಯಾವೇ. ಚಿಯಾ ಎಂದರೆ ಕಾಮಕಸ್ತೂರಿ ಬೀಜ ಅಂದುಕೊಂಡವರು ಬಹಳ ಜನ. ಅಂಗೈಯಲ್ಲಿಟ್ಟು ನೋಡಿ: ಕಾಮಕಸ್ತೂರಿ ಪೂರ್ತಿ ಕಪ್ಪು, ಚಿಯಾ ಬೂದು ಬಣ್ಣದ್ದು, ಮೇಲೆ ಚುಕ್ಕೆಚುಕ್ಕೆ. ನೀರಿಗೆ ಹಾಕಿದರೆ ಕಾಮಕಸ್ತೂರಿ ಬೇಗ ಉಬ್ಬುತ್ತದೆ, ಚಿಯಾ ನಿಧಾನ.

ಈಗ ಕುಂಡ. ಪ್ಲಾಸ್ಟಿಕ್ ಬೇಡ, 10 ಇಂಚಿನ ಮಣ್ಣಿನ ಕುಂಡ ಸಾಕು. ಎರಡು ಪಾಲು ಕೆಮ್ಮಣ್ಣು, ಎರಡು ಪಾಲು ದಪ್ಪ ಮರಳು, ಒಂದು ಪಾಲು ಎರೆಗೊಬ್ಬರ. ತೆಂಗಿನ ನಾರಿನ ಪುಡಿ, ಅಂದರೆ ಕೋಕೋಪೀಟ್, ನೀರು ಹಿಡಿದಿಡುತ್ತದೆ, ಅದನ್ನು ನಾನು ಹಾಕುವುದಿಲ್ಲ. ಕುಂಡದ ಕೆಳಗೆ ತಟ್ಟೆ ಇಡಬೇಡಿ, ಎರಡು ಇಟ್ಟಿಗೆ ಚೂರಿನ ಮೇಲೆ ಎತ್ತಿಡಿ. ಆರು ಗಂಟೆ ಬಿಸಿಲು ಬೇಕು. ಜೂನ್‌ನಿಂದ ಅಕ್ಟೋಬರ್‌ವರೆಗೆ ಮಳೆ ಬೀಳದ, ಆದರೆ ಗಾಳಿ ಬೆಳಕು ಆಡುವ ಸೂರಿನಂಚಿಗೆ ಸರಿಸಿಬಿಡಿ. ಗೊಬ್ಬರ ಹೆಚ್ಚಾದರೆ ಎಲೆ ದೊಡ್ಡದಾಗುತ್ತದೆ, ಘಮ ಕಡಿಮೆಯಾಗುತ್ತದೆ.

ನೀರಿಗೆ ದಿನದ ಲೆಕ್ಕ ಇಟ್ಟುಕೊಳ್ಳಬೇಡಿ. ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗಿಳಿಸಿ, ಅಲ್ಲಿಯೂ ಒಣಗಿದ್ದರೆ ತಳದಿಂದ ಹರಿಯುವಂತೆ ಹಾಕಿ. ಅತ್ತೆ ಈಗ ಕುಂಡವನ್ನು ಒಂದು ಬದಿಯಿಂದ ಎತ್ತಿ ತೂಕದಲ್ಲೇ ತಿಳಿದುಕೊಳ್ಳುತ್ತಾರೆ. ಆ ವಿದ್ಯೆ ನನಗಿಂತ ಅವರಿಗೇ ಚೆನ್ನಾಗಿ ಹತ್ತಿದೆ.

ಎಷ್ಟೇ ಜೋಪಾನ ಮಾಡಿದರೂ ಮೂರ್ನಾಲ್ಕು ವರ್ಷಕ್ಕೆ ಗಿಡ ಬಲಿತು ಕಟ್ಟಿಗೆಯಾಗುತ್ತದೆ. ಅದಕ್ಕೇ ಪ್ರತಿ ನವೆಂಬರ್‌ನಲ್ಲಿ ನಾನು ಕಡ್ಡಿ ನೆಡುತ್ತೇನೆ. ಹೂ ಬಿಡದ ಎಳೆ ತುದಿ, ನಾಲ್ಕು ಇಂಚು ಉದ್ದ, ಎಲೆ ಹುಟ್ಟುವ ಗೆಣ್ಣಿನ ಕೆಳಗೇ ಹರಿತವಾದ ಕತ್ತರಿಯಿಂದ ಕತ್ತರಿಸಬೇಕು. ಕೆಳಗಿನ ಎಲೆ ಕಿತ್ತು ತುದಿಯ ನಾಲ್ಕನ್ನು ಮಾತ್ರ ಬಿಡಿ. ಒದ್ದೆ ಮರಳಿನಲ್ಲಿ ಅರ್ಧ ಹೂತು ನೆರಳಲ್ಲಿಡಿ. ಮೂರು ನಾಲ್ಕು ವಾರದ ಮೇಲೆ ಮೆಲ್ಲಗೆ ಜಗ್ಗಿದಾಗ ಕಡ್ಡಿ ಬಿಗಿಯಾಗಿ ಕೂತಿದ್ದರೆ ಬೇರು ಬಂದಿದೆ. ಆರು ನೆಟ್ಟರೆ ಮೂರು ಉಳಿದರೂ ನನಗೆ ಸಂತೋಷ. ತಾಯಿಗಿಡವನ್ನು ಸವರುವಾಗ ಎಲೆಯಿಲ್ಲದ ಹಳೇ ಕಟ್ಟಿಗೆಯವರೆಗೆ ಕತ್ತರಿಸಬೇಡಿ, ಅಲ್ಲಿಂದ ಮತ್ತೆ ಚಿಗುರುವುದು ಕಷ್ಟ.

ಗಂಟಲು ಕೆರೆತಕ್ಕೆ ನಾಲ್ಕೈದು ಎಲೆಯನ್ನು ಕುದಿವ ನೀರಲ್ಲಿ ಹತ್ತು ನಿಮಿಷ ಮುಚ್ಚಿಟ್ಟು, ಆರಿದ ಮೇಲೆ ಬಾಯಿ ಮುಕ್ಕಳಿಸುವುದು ಯುರೋಪಿನ ಹಳೇ ಮನೆಮದ್ದು. ಇದರಲ್ಲಿ ಥುಜೋನ್ ಎಂಬ ಅಂಶವಿದೆ, ಅತಿಯಾದರೆ ನರಗಳಿಗೆ ವಿಷ. ಅಡುಗೆಯ ಪ್ರಮಾಣಕ್ಕೆ ಭಯವಿಲ್ಲ. ಆದರೆ ಸೇಜ್ ಎಣ್ಣೆಯನ್ನು ಎಂದೂ ಕುಡಿಯಬೇಡಿ. ಬಸುರಿಯರು, ಹಾಲೂಡಿಸುವ ತಾಯಂದಿರು, ಮೂರ್ಛೆರೋಗ ಇರುವವರು ಇದನ್ನು ಮದ್ದಿನಂತೆ ಬಳಸುವುದು ಬೇಡ.

ಇಟಲಿಯವರು ಈ ಎಲೆಯನ್ನು ಬೆಣ್ಣೆಯಲ್ಲಿ ಹುರಿದು ಪಾಸ್ತಾಕ್ಕೆ ಸುರಿಯುತ್ತಾರೆ. ನಾನು ತುಪ್ಪದಲ್ಲಿ ಹುರಿದು ಸಿಹಿಗುಂಬಳದ ಪಲ್ಯಕ್ಕೆ ಹಾಕುತ್ತೇನೆ. ದೊಡ್ಡಪತ್ರೆ ಬಜ್ಜಿ ಮಾಡಿ ಗೊತ್ತಿದ್ದವರಿಗೆ ಇದರ ಬಜ್ಜಿಯೂ ಬರುತ್ತದೆ. ಹಿಟ್ಟು ಸ್ವಲ್ಪ ತೆಳ್ಳಗಿರಲಿ, ಎಲೆಯ ಮೇಲೆ ನೀರಿನ ಪಸೆ ಇರಬಾರದು. ಎಣ್ಣೆಗೆ ಬಿಟ್ಟ ಮೇಲೆ ಗುಳ್ಳೆಯ ಸದ್ದು ತಗ್ಗುತ್ತಿದ್ದಂತೆ ತೆಗೆದುಬಿಡಿ. ಇನ್ನೂ ಬಿಟ್ಟರೆ ಎಲೆ ಕಹಿಯಾಗುತ್ತದೆ.