ಆರು ಅಂಕೆಗಳಿಂದ ಸ್ವಭಾವದವರೆಗೆ: ಪಾತ್ರ ಕಟ್ಟುವ ನನ್ನ ಕ್ರಮ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ, ಪಾತ್ರ ವಹಿಸಿ ಆಡುವ ಮೇಜಿನ ಆಟದಲ್ಲಿ ಪ್ರತಿ ಪಾತ್ರಕ್ಕೂ ಆರು ಗುಣಗಳ ಅಂಕೆಗಳಿರುತ್ತವೆ: ಸ್ಟ್ರೆಂತ್ (ಬಲ), ಡೆಕ್ಸ್‌ಟೆರಿಟಿ (ಚುರುಕು), ಕಾನ್‌ಸ್ಟಿಟ್ಯೂಷನ್ (ದೇಹದ ತಾಳಿಕೆ), ಇಂಟೆಲಿಜೆನ್ಸ್ (ಬುದ್ಧಿ), ವಿಸ್ಡಮ್ (ವಿವೇಕ), ಕರಿಸ್ಮಾ (ಜನರನ್ನು ಸೆಳೆಯುವ ಶಕ್ತಿ). ಅವನ್ನು ಬರೆದಿಡುವ ಕ್ಯಾರೆಕ್ಟರ್ ಶೀಟಿನಲ್ಲಿ ಇಂಟೆಲಿಜೆನ್ಸ್ ಎದುರು 8 ಎಂದು ಬರೆದ ಕೂಡಲೇ ಅನೇಕ ಆಟಗಾರರು ತೊದಲು ಮಾತಿನ ಪೆದ್ದನೊಬ್ಬನನ್ನು ಆಡತೊಡಗುತ್ತಾರೆ. ಕರಿಸ್ಮಾ 8 ಆದರೆ ಕಂಡವರ ಮೇಲೆಲ್ಲ ರೇಗುವ ಒರಟ ಸಿದ್ಧನಾಗುತ್ತಾನೆ. ಎರಡು ವಾರ ಆಡುವಷ್ಟರಲ್ಲಿ ಇಬ್ಬರೂ ಬೇಸರ ತರಿಸುತ್ತಾರೆ. ಈ ಆಟದ ಐದನೇ ಆವೃತ್ತಿಯ ನಿಯಮ ಇಟ್ಟುಕೊಂಡು, ಅಂಕೆಯಿಂದ ಸ್ವಭಾವಕ್ಕೆ ನಾನು ಹೋಗುವ ದಾರಿ ಇದು.

ಮೊದಲು ಅಂಕೆಯ ತೂಕ ಎಷ್ಟೆಂದು ನೋಡಬೇಕು. ಅಂಕೆಯಿಂದ 10 ಕಳೆದು, ಅರ್ಧ ಮಾಡಿ, ಚೂರು ಉಳಿದರೆ ಕೆಳಕ್ಕಿಳಿಸಿದಾಗ, ದಾಳದ ಫಲಕ್ಕೆ ಕೂಡಿಸುವ ಮಾಡಿಫೈಯರ್ ಸಿಗುತ್ತದೆ: 8ಕ್ಕೆ −1, 10ಕ್ಕೆ 0, 18ಕ್ಕೆ +4. ಉರುಳುವುದು 20 ಮುಖದ ದಾಳ. ಡಿಸಿ (ಗೆಲ್ಲಲು ಮುಟ್ಟಬೇಕಾದ ಮೊತ್ತ) 15ರ ಪರೀಕ್ಷೆಯಲ್ಲಿ 8 ಇರುವವನು ಗೆಲ್ಲುವುದು ನೂರಕ್ಕೆ 25 ಸಲ, 10 ಇರುವವನು 30 ಸಲ, 18ರ ಮಹಾಬುದ್ಧಿವಂತನೂ 50 ಸಲ ಮಾತ್ರ. ಎದುರುಬದುರಾಗಿ ದಾಳ ಹಾಕಿದರೂ ಒಟ್ಟು 400 ಸಾಧ್ಯತೆಗಳಲ್ಲಿ 105ರಲ್ಲಿ 8ರವನೇ 18ರವನನ್ನು ಸೋಲಿಸುತ್ತಾನೆ. ಕಾಲು ಪಾಲಿಗಿಂತ ಹೆಚ್ಚಾಯಿತಲ್ಲ! ಇಂಥವನನ್ನು ಪೆದ್ದ ಎಂದು ಆಡಿದರೆ ದಾಳವೇ ನಿಮ್ಮನ್ನು ಸುಳ್ಳು ಮಾಡುತ್ತದೆ.

ಇನ್ನೊಂದು ಲೆಕ್ಕವೂ ಉಪಯೋಗಕ್ಕೆ ಬರುತ್ತದೆ. 1974ರ ಮೊದಲ ನಿಯಮಗಳಲ್ಲಿ ಪ್ರತಿ ಗುಣಕ್ಕೂ ಆರು ಮುಖದ ಮೂರು ದಾಳ ಹಾಕಿ ಕೂಡುತ್ತಿದ್ದರು. ಅದನ್ನೇ ಜನಸಾಮಾನ್ಯರ ಅಳತೆ ಎಂದುಕೊಂಡರೆ 216 ಸಾಧ್ಯತೆಗಳಲ್ಲಿ 56ರಲ್ಲಿ 8 ಅಥವಾ ಅದಕ್ಕಿಂತ ಕಡಿಮೆ ಬರುತ್ತದೆ. ಅಂದರೆ ನಾಲ್ವರಲ್ಲಿ ಒಬ್ಬರು ಹೀಗೆಯೇ ಇದ್ದಾರೆ. 5 ಅಥವಾ ಅದಕ್ಕೂ ಕೆಳಗೆ ಬರುವುದು 10 ಸಲ ಮಾತ್ರ. ಎದ್ದು ಕಾಣುವ ಕೊರತೆ ಎಂದು ನಾನು ಒಪ್ಪುವುದು ಅಲ್ಲಿಂದ ಕೆಳಗೆ. 16 ಮತ್ತು ಮೇಲಿನದಕ್ಕೂ ಅದೇ 10.

ಅಂಕೆ ಪಡೆಯುವ ವಿಧಾನವೂ ಸ್ವಭಾವವನ್ನು ಮೊದಲೇ ಒಂದಿಷ್ಟು ನಿರ್ಧರಿಸಿಬಿಡುತ್ತದೆ. ನಾಲ್ಕು ದಾಳ ಹಾಕಿ ಕನಿಷ್ಠದ್ದನ್ನು ಬಿಟ್ಟರೆ ಸರಾಸರಿ 12.24, ಏನು ಬರುತ್ತದೋ ಗೊತ್ತಿರುವುದಿಲ್ಲ, ಅದೇ ಅದರ ಸೊಗಸು. ಸ್ಟ್ಯಾಂಡರ್ಡ್ ಅರೇಯಲ್ಲಿ 15, 14, 13, 12, 10, 8 ಮೊದಲೇ ಗೊತ್ತು. ಅಂಕೆಗಳನ್ನು ಕೊಳ್ಳುವ ಪಾಯಿಂಟ್ ಬೈನಲ್ಲಿ 27 ಪಾಯಿಂಟ್ ಇರುತ್ತವೆ, 15ಕ್ಕೆ 9 ಖರ್ಚು, 8ಕ್ಕೆ ಏನೂ ಇಲ್ಲ. ಮೂರು 15, ಮೂರು 8 ಕೊಂಡರೆ 27 ಸರಿಯಾಗಿ ಮುಗಿಯುತ್ತದೆ. ಯುದ್ಧಕ್ಕೆ ಇದು ಒಳ್ಳೆಯ ಲೆಕ್ಕ, ಸ್ವಭಾವಕ್ಕೆ ಕೆಟ್ಟದ್ದು. ಮೂರು 8 ಸೇರಿದರೆ ಯಾವ ಕೊರತೆಯೂ ಎದ್ದು ನಿಲ್ಲುವುದಿಲ್ಲ, ಎಲ್ಲವೂ ಮಂಕಾಗುತ್ತವೆ. ನಾನು 8ನ್ನು ಒಂದೇ ಕಡೆ ಇಡುತ್ತೇನೆ. ಎಲ್ಲಿ ಇಡಬೇಕೆಂಬುದನ್ನು ಕ್ಲಾಸ್ (ಪಾತ್ರದ ವೃತ್ತಿ) ಆರಿಸುವಷ್ಟೇ ಗಂಭೀರವಾಗಿ ಯೋಚಿಸುತ್ತೇನೆ.

ಇನ್ನು ಕೆಲಸ. ಒಂದೊಂದು ಅಂಕೆಗೆ ಒಂದೊಂದು ವಿಶೇಷಣ ಬರೆಯುವುದು ಸುಲಭ, ಆದರೆ ನಿರುಪಯೋಗಿ: ಬಲಶಾಲಿ, ಚುರುಕು, ಮಂದಬುದ್ಧಿ ಎಂದು ಪಟ್ಟಿ ಮಾಡಿದರೆ ಮನುಷ್ಯ ಸಿಗುವುದಿಲ್ಲ. ಸ್ವಭಾವ ಇರುವುದು ಎರಡು ಅಂಕೆಗಳ ನಡುವಿನ ಅಂತರದಲ್ಲಿ. ಅತಿ ಹೆಚ್ಚಿನದನ್ನೂ ಅತಿ ಕಡಿಮೆಯದನ್ನೂ ಪಕ್ಕಪಕ್ಕ ಬರೆದು ಮೂರು ಪ್ರಶ್ನೆ ಕೇಳುತ್ತೇನೆ. ಯಾವ ಕೆಲಸಕ್ಕೆ ಇವಳ ಕೈ ತಾನಾಗಿ ಮುಂದೆ ಹೋಗುತ್ತದೆ? ಯಾವ ಕೆಲಸ ಬಂದರೆ ನೆಪ ಹೇಳಿ ಜಾರಿಕೊಳ್ಳುತ್ತಾಳೆ? ಜಾರಿಕೊಳ್ಳಲು ಆಗದಿದ್ದರೆ ಏನು ಮಾಡುತ್ತಾಳೆ? ಮೂರನೆಯದೇ ಮುಖ್ಯ. ಕೊರತೆ ಇರುವವರು ಸುಮ್ಮನೆ ಕೂರುವುದಿಲ್ಲ, ಅದನ್ನು ಹೇಗಾದರೂ ದಾಟಿಕೊಳ್ಳಲು ಒಂದು ಅಭ್ಯಾಸ ಬೆಳೆಸಿಕೊಂಡಿರುತ್ತಾರೆ.

ಉದಾಹರಣೆಗೆ ಒಬ್ಬಳು ಕ್ಲೆರಿಕ್ (ದೈವಬಲದಿಂದ ಮಂತ್ರ ಹಾಕುವವಳು): ವಿಸ್ಡಮ್ 15, ಕಾನ್‌ಸ್ಟಿಟ್ಯೂಷನ್ 14, ಸ್ಟ್ರೆಂತ್ 13, ಇಂಟೆಲಿಜೆನ್ಸ್ 12, ಡೆಕ್ಸ್‌ಟೆರಿಟಿ 10, ಕರಿಸ್ಮಾ 8. ಎದುರಿನವರ ಮನಸ್ಸು ಓದುವ ಇನ್‌ಸೈಟ್‌ನಲ್ಲಿ ಪ್ರೊಫಿಶಿಯೆನ್ಸಿ (ಪರಿಣತಿಯ ಹೆಚ್ಚುವರಿ ಅಂಕ) ಕೊಟ್ಟರೆ ಮೊದಲ ಲೆವೆಲ್‌ನಲ್ಲಿ +4, ಮಾತಿನಿಂದ ಒಪ್ಪಿಸುವ ಪರ್ಸುಯೇಷನ್ −1. ಡಿಸಿ 15 ಇಟ್ಟರೆ ಸುಳ್ಳು ಹೇಳುವವನನ್ನು ಗುರುತಿಸುವುದು ನೂರಕ್ಕೆ 50, ಅದನ್ನು ಇತರರಿಗೆ ಮನದಟ್ಟು ಮಾಡುವುದು 25. ಗೊತ್ತಿದ್ದೂ ಹೇಳಿ ಒಪ್ಪಿಸಲಾಗದವಳು ಎಂಬ ಚಿತ್ರ ಲೆಕ್ಕದಿಂದಲೇ ಹೊರಬಂತು. ಹಾಗಾದರೆ ಏನು ಮಾಡುತ್ತಾಳೆ? ವಾದಕ್ಕೆ ಇಳಿಯುವುದಿಲ್ಲ. ಸಂಶಯ ಬಂದವನಿಗೆ ನಿನ್ನೆ ಕೇಳಿದ ಪ್ರಶ್ನೆಯನ್ನೇ ಇವತ್ತು ಮತ್ತೆ, ಎಲ್ಲರ ಎದುರು, ಅದೇ ಮಾತುಗಳಲ್ಲಿ ಕೇಳುತ್ತಾಳೆ. ಶೀಟಿನ ಮೇಲೆ ನಾನು ಬರೆಯುವುದು ಈ ವಾಕ್ಯವನ್ನು ಮಾತ್ರ, ‘ಮಿತಭಾಷಿ’ ಎಂದಲ್ಲ. ಮೊದಲ ಹತ್ತು ನಿಮಿಷದ ಆಟದಲ್ಲಿ ಮಾಡಿ ತೋರಿಸಬಹುದಾದದ್ದಷ್ಟೇ ಶೀಟಿಗೆ ಹೋಗಬೇಕು.

ಒಂದೇ 8ಕ್ಕೆ ಕನಿಷ್ಠ ಮೂರು ಬೇರೆ ಬೇರೆ ವಿವರಣೆ ಹುಡುಕಿ, ಮೊದಲು ಹೊಳೆದದ್ದನ್ನು ಬಿಟ್ಟುಬಿಡುತ್ತೇನೆ. ಕರಿಸ್ಮಾ 8ಕ್ಕೆ: ಕೋಣೆಯಲ್ಲಿ ಇದ್ದಾನೆಂಬುದನ್ನೇ ಜನ ಮರೆಯುತ್ತಾರೆ, ಕತೆ ಶುರುಮಾಡಿದರೆ ಮುಗಿಸಲು ಬರುವುದಿಲ್ಲ, ನಿಜ ಹೇಳುತ್ತಾನೆ, ಹೊತ್ತಲ್ಲದ ಹೊತ್ತಿನಲ್ಲಿ. ಇಂಟೆಲಿಜೆನ್ಸ್ 8ಕ್ಕೆ: ಕಣ್ಣಾರೆ ಕಂಡದ್ದನ್ನು ಮಾತ್ರ ನಂಬುತ್ತಾಳೆ, ಹೆಸರುಗಳು ನೆನಪಿರುವುದಿಲ್ಲ, ಎಲ್ಲರಿಗೂ ಅಡ್ಡಹೆಸರು ಇಡುತ್ತಾಳೆ, ಲೆಕ್ಕ ಬಂದರೆ ಗೆಳೆಯನಿಗೆ ಒಪ್ಪಿಸುತ್ತಾಳೆ. ಸ್ಟ್ರೆಂತ್, ಡೆಕ್ಸ್‌ಟೆರಿಟಿಗಳ ಬಗ್ಗೆ ಇಷ್ಟು ತಲೆಕೆಡಿಸಿಕೊಳ್ಳಬೇಕಿಲ್ಲ, ಅವು ಕದನದಲ್ಲಿ ತಾವಾಗಿಯೇ ಕಾಣಿಸುತ್ತವೆ.

ವಿಸ್ಡಮ್ ಮಾತ್ರ ಬೇರೆ. ಮನಸ್ಸನ್ನು ವಶಪಡಿಸುವ, ಹೆದರಿಸುವ ಮಂತ್ರಗಳ ಎದುರಿನ ಸೇವಿಂಗ್ ಥ್ರೋ (ಪಾರಾಗಲು ಹಾಕುವ ದಾಳ) ಹೆಚ್ಚಾಗಿ ಇದರ ಮೇಲೇ ಬೀಳುತ್ತದೆ, ಇಂಟೆಲಿಜೆನ್ಸ್ ಮೇಲೆ ಬೀಳುವುದು ಅಪರೂಪ. ಪ್ಯಾಸಿವ್ ಪರ್ಸೆಪ್ಷನ್ (ದಾಳ ಹಾಕದೆಯೇ ಸುತ್ತಲಿನದನ್ನು ಗಮನಿಸುವ ಶಕ್ತಿ) ಕೂಡ 10 ಕೂಡಿಸು ವಿಸ್ಡಮ್ ಮಾಡಿಫೈಯರ್, ಪರಿಣತಿ ಇದ್ದರೆ ಅದೂ ಸೇರುತ್ತದೆ. ಹಾಗಾಗಿ ಇಲ್ಲಿ 8 ಇಟ್ಟರೆ ‘ಬೇಗ ನಂಬಿಬಿಡುವವ’ ಎಂಬ ಸ್ವಭಾವವನ್ನು ದಾಳ ಪದೇ ಪದೇ ಬೆಂಬಲಿಸುತ್ತದೆ. ಹೊಸಬರಿಗೆ ನಾನು ಸೂಚಿಸುವ ಕೊರತೆ ಇದೇ, ಸಾಯುವ ಅಪಾಯ ಸ್ವಲ್ಪ ಹೆಚ್ಚಾದರೂ ಸರಿ.

ಧೈರ್ಯ, ಜಿಪುಣತನ, ನಿಷ್ಠೆ, ಕರುಣೆ: ಈ ಆರು ಅಂಕೆಗಳಲ್ಲಿ ಯಾವುದೂ ಇವನ್ನು ಅಳೆಯುವುದಿಲ್ಲ. ಅಳೆಯಲೇಬೇಕೆಂದರೆ ಬೇರೆ ಆಟಗಳಿಂದ ಎರವಲು ತರಬಹುದು. ಪೆಂಡ್ರ್ಯಾಗನ್‌ನಲ್ಲಿ 13 ಜೋಡಿ ಗುಣಗಳಿವೆ, ಪ್ರತಿ ಜೋಡಿಯ ಮೊತ್ತ 20. ಒಂದು ಏರಿದರೆ ಇನ್ನೊಂದು ಇಳಿಯಲೇಬೇಕು. ಗರ್ಪ್ಸ್‌ನಲ್ಲಿ ದುರಾಸೆ, ಮುಂಗೋಪದಂಥ ದೌರ್ಬಲ್ಯ ಒಪ್ಪಿಕೊಂಡರೆ ಪಾಯಿಂಟ್ ಸಿಗುತ್ತವೆ. ಮುಂದೆ ಪ್ರಲೋಭನೆ ಎದುರಾದಾಗ ಆರು ಮುಖದ ಮೂರು ದಾಳ ಹಾಕಿ, ಮೊತ್ತ ನಿಮ್ಮ ಮಿತಿಯನ್ನು ಮೀರದಂತೆ ತಡೆದುಕೊಳ್ಳಬೇಕು. ಮಿತಿ 12 ಆದರೆ ನೂರಕ್ಕೆ ಸುಮಾರು 74 ಸಲ ತಡೆದುಕೊಳ್ಳುತ್ತೀರಿ, 9 ಆದರೆ 37.5 ಸಲ. ನನ್ನ ಮೇಜಿನಲ್ಲಿ ಪೆಂಡ್ರ್ಯಾಗನ್‌ನಿಂದ ಒಂದೇ ಒಂದು ಜೋಡಿ ತೆಗೆದುಕೊಂಡರೆ ಸಾಕಾಗುತ್ತದೆ. ಹದಿಮೂರನ್ನೂ ತಂದರೆ ಆಟಗಾರ ಯೋಚಿಸುವುದನ್ನೇ ನಿಲ್ಲಿಸಿ ದಾಳದ ಮುಖ ನೋಡುತ್ತಾ ಕೂರುತ್ತಾನೆ.

ಆಡುವಾಗ ಎಡವುವ ಜಾಗ ಇನ್ನೊಂದಿದೆ. ಇಂಟೆಲಿಜೆನ್ಸ್ 8ರ ಪಾತ್ರದ ಆಟಗಾರನಿಗೆ ಒಳ್ಳೆಯ ಉಪಾಯ ಹೊಳೆಯುತ್ತದೆ; ಹೇಳಬೇಕೋ ಬೇಡವೋ? ಹೇಳಲೇಬೇಕು. ಉಪಾಯ ಮುಚ್ಚಿಟ್ಟರೆ ಇಡೀ ತಂಡಕ್ಕೆ ನಷ್ಟ. ಪಾತ್ರ ಅದನ್ನು ತರ್ಕವಾಗಿ ಮಂಡಿಸದೆ, ‘ನಮ್ಮ ಅಣ್ಣ ಬಾವಿಗೆ ಬಿದ್ದಾಗ ಹೀಗೇ ಮಾಡಿದ್ವಿ’ ಎಂದು ಹೇಳಿದರೆ ಆಯಿತು. ಇದಕ್ಕೆ ತಿರುಗುಮುರುಗಾದದ್ದು ಸಂಕೋಚದ ಆಟಗಾರನ ಕೈಯಲ್ಲಿ ಕರಿಸ್ಮಾ 18. ಅವನಿಂದ ಭಾಷಣ ಕೇಳಬಾರದು. ಯಾರಿಂದ ಏನು ಬೇಕು, ಯಾವ ಆಸೆ ಅಥವಾ ಭಯ ತೋರಿಸುತ್ತೀಯ, ಇಷ್ಟನ್ನು ಕೇಳಿ ದಾಳ ಹಾಕಿಸಬೇಕು. ಇಂಟೆಲಿಜೆನ್ಸ್ 18ರವನಿಗೆ ಡಿಎಂ (ಆಟ ನಡೆಸುವವರು) ದಾಳಕ್ಕೆ ಮೊದಲೇ ಒಂದು ಸುಳಿವನ್ನು ಉಚಿತವಾಗಿ ಕೊಡಬೇಕು. ವಿಸ್ಡಮ್ ಹೆಚ್ಚಿರುವವಳು ದುಡುಕಲು ಹೊರಟರೆ ‘ನಿಜಕ್ಕೂ ಮಾಡುತ್ತೀಯ?’ ಎಂದು ಒಮ್ಮೆ, ಒಮ್ಮೆ ಮಾತ್ರ, ಎಚ್ಚರಿಸಬೇಕು.

ನಾಲ್ಕನೇ ಲೆವೆಲ್‌ನಲ್ಲಿ ಒಂದು ಗುಣಕ್ಕೆ 2, ಅಥವಾ ಎರಡಕ್ಕೆ ಒಂದೊಂದು ಸೇರಿಸುವ ಅವಕಾಶ ಬರುತ್ತದೆ. ಆ ಕ್ಲೆರಿಕ್‌ನ ಕರಿಸ್ಮಾ 8ರಿಂದ 9 ಆದರೆ ಮಾಡಿಫೈಯರ್ ಕದಲುವುದಿಲ್ಲ, ಹಾಗಾಗಿ ಶೀಟಿನ ವಾಕ್ಯವೂ ಹಾಗೆಯೇ ಇರಲಿ. 10 ಆದರೆ −1 ಹೋಗಿ 0 ಬರುತ್ತದೆ. ಆಗಲೂ ಹಳೆಯ ಅಭ್ಯಾಸ ಬಿಡಿಸುವುದಿಲ್ಲ, ಅದೇ ಪ್ರಶ್ನೆಯನ್ನು ಈಗ ಒಬ್ಬರೇ ಇದ್ದಾಗ ಕೇಳುತ್ತಾಳೆ ಎಂದಷ್ಟೇ ತಿದ್ದುತ್ತೇನೆ.