ಅಡುಗೆ ಕಟ್ಟೆಗೆ ಕಲ್ಲು ಆರಿಸುವ ಮೊದಲು ಹುಳಿ ಹಿಂಡಿ ನೋಡಿ

ಅಡಿಕೆ ಕೊಯ್ಲು ಮುಗಿದು ಕೈಗೆ ನಾಲ್ಕು ಕಾಸು ಬಂತೆಂದರೆ ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆ ಹಳೇ ಮನೆಗಳ ರಿಪೇರಿ ಶುರು. ಮೊದಲು ಸುತ್ತಿಗೆ ಬೀಳುವುದು ಅಡುಗೆಮನೆಗೆ. ಮೊಬೈಲಿನಲ್ಲಿ ಬಿಳಿ ಬಿಳಿ ಅಡುಗೆಮನೆ ನೋಡಿಕೊಂಡು ಅಂಗಡಿಗೆ ಹೋಗುತ್ತಾರೆ. ಅಂಗಡಿಯವರು ದೊಡ್ಡ ಲೈಟಿನ ಕೆಳಗೆ ಸ್ಲ್ಯಾಬ್ ನಿಲ್ಲಿಸಿ ತೋರಿಸುತ್ತಾರೆ. ಅರ್ಧ ಗಂಟೆಯಲ್ಲಿ ಅಡ್ವಾನ್ಸ್ ಕೊಟ್ಟು ಬಂದಾಯಿತು. ಆರಿದ್ರಾ ಮಳೆ ಹಿಡಿಯುವಷ್ಟರಲ್ಲಿ ಕಟ್ಟೆ ಮೇಲೆ ಅರಿಸಿನದ ಕಲೆ, ಸಿಂಕಿನ ಸುತ್ತ ಕಪ್ಪು ಗೆರೆ. ಕೆಳಗಿನ ಕಪಾಟಿನ ಬೋರ್ಡು ನೀರು ಕುಡಿದ ಹಪ್ಪಳದಂತೆ ಉಬ್ಬಿರುತ್ತದೆ. ನಮ್ಮ ಕಡೆ ಇದನ್ನು ಎಷ್ಟು ಮನೆಗಳಲ್ಲಿ ನೋಡಿದ್ದೇನೋ.

ಹತ್ತು ವರ್ಷಕ್ಕೆ ಕಿತ್ತು ಎಸೆಯಬೇಕಾದ ವಸ್ತು ಎಷ್ಟು ಹಸಿರು ಸ್ಟಿಕ್ಕರ್ ಅಂಟಿಸಿಕೊಂಡು ಬಂದರೂ ಪರಿಸರಕ್ಕೆ ಒಳ್ಳೆಯದಲ್ಲ. ಪರಿಸರಕ್ಕೆ ಹೊರೆಯಾಗದ ವಸ್ತು ಆರಿಸುವಾಗ ನಾನು ನೋಡುವುದು ಮೂರೇ. ಹತ್ತಿರದಿಂದ ಬಂದಿರಬೇಕು. ಅಂಟು, ರಾಳ ಕಡಿಮೆ ಇರಬೇಕು. ನಮ್ಮ ಮಳೆಗೂ ನಮ್ಮ ಹುಳಿಗೂ ತಡೆಯಬೇಕು.

1. ಒಡೆಯುವ ಮೊದಲು ಉಜ್ಜಿ ನೋಡಿ

ಹಳೇ ಕಡಪ ಕಲ್ಲಿನ ಕಟ್ಟೆ ಮಂಕಾಗಿದೆ ಎಂದ ಮಾತ್ರಕ್ಕೆ ಅದರ ಆಯುಸ್ಸು ಮುಗಿದಿಲ್ಲ. ಮೇಲಿನ ಕೂದಲೆಳೆಯಷ್ಟು ಪದರ ಮಾತ್ರ ಹಾಳಾಗಿರುತ್ತದೆ. ನೆಲ ಪಾಲಿಶ್ ಮಾಡುವವರನ್ನೇ ಕರೆಸಿ, ಕೈ ಮಷಿನ್ನಿನಲ್ಲಿ ನೀರು ಹಾಕಿಕೊಂಡು ತಿಕ್ಕಿಸಿ. ಕಲ್ಲು ಅಡ್ಡಡ್ಡ ಬಿರುಕು ಬಿಟ್ಟಿದ್ದರೆ ಅಥವಾ ಕಟ್ಟೆಯೇ ಕುಸಿದಿದ್ದರೆ ಮಾತ್ರ ತೆಗೆಯಿರಿ. ಹೊಸ ಕಲ್ಲು ಎಷ್ಟೇ ಒಳ್ಳೆಯದಿರಲಿ, ಇರುವ ಕಲ್ಲನ್ನು ಉಳಿಸಿಕೊಳ್ಳುವುದಕ್ಕೆ ಸಮ ಅಲ್ಲ. ಗಾರೆ ನೆಲಕ್ಕೂ ಇದೇ ಮಾತು.

2. ಪಟ್ಟಿಯನ್ನು ಮನೆಯಲ್ಲೇ ಸಣ್ಣದು ಮಾಡಿಕೊಳ್ಳಿ

ಅಂಗಡಿಯಲ್ಲಿ ನಿಂತು ಯೋಚಿಸಿದರೆ ಅಂಗಡಿಯವರದೇ ಯೋಚನೆ ಆಗುತ್ತದೆ. ಹಾಗಾಗಿ ಮೊದಲೇ ತೀರ್ಮಾನಿಸಿ.

ನನ್ನ ಮೊದಲ ಆಯ್ಕೆ ನಮ್ಮ ರಾಜ್ಯದ್ದೇ ಗ್ರಾನೈಟ್. ಬೆಂಗಳೂರು ಹತ್ತಿರದ ಸಾದರಹಳ್ಳಿಯ ಬೂದು ಕಲ್ಲು, ಚಾಮರಾಜನಗರದ ಕಪ್ಪು, ಇಳಕಲ್ಲಿನ ಕೆಂಪು ಎಲ್ಲವೂ ಲಾರಿಯಲ್ಲಿ ಒಂದು ದಿನದ ದಾರಿ. ಗಣಿ ಅಂದಮೇಲೆ ಗುಡ್ಡಕ್ಕೆ ಪೆಟ್ಟು ಇದ್ದೇ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಒಮ್ಮೆ ಹಾಕಿದ ಗ್ರಾನೈಟ್ ಎರಡು ತಲೆಮಾರು ಬರುತ್ತದೆ. ಇಟಲಿಯ ಮಾರ್ಬಲ್ ಹಡಗು ಹತ್ತಿ ಬಂದು ನಮ್ಮ ನಿಂಬೆಹಣ್ಣಿಗೇ ಸೋಲುತ್ತದೆ.

ಎರಡನೆಯದು ಕಡಪ ಮತ್ತು ಶಹಾಬಾದ್. ಎರಡೂ ಸುಣ್ಣದ ಕಲ್ಲಿನ ಜಾತಿ. ಅಗ್ಗ, ಗಟ್ಟಿ, ಆದರೆ ಹುಳಿ ಆಗುವುದಿಲ್ಲ. ಇವನ್ನು ಕಟ್ಟೆಯ ಕೆಳಗಿನ ಅಡ್ಡಗಲ್ಲು, ಕಪಾಟಿನ ತಟ್ಟು, ನೆಲ ಇವುಗಳಿಗೆ ಇಟ್ಟುಕೊಳ್ಳಿ.

ಕ್ವಾರ್ಟ್ಜ್ ಬೇಡ. ಈಗ ಎಲ್ಲರೂ ಕೇಳುವುದು ಅದನ್ನೇ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅದು ಗುಡ್ಡದಿಂದ ಕೊಯ್ದ ಕಲ್ಲಲ್ಲ. ಕಲ್ಲಿನ ಪುಡಿಯನ್ನು ಪ್ಲಾಸ್ಟಿಕ್ ರಾಳದಲ್ಲಿ ಕಲಸಿ ಒತ್ತಿದ ಹಲಗೆ. ತೂಕದಲ್ಲಿ ಹೆಚ್ಚುಕಮ್ಮಿ ಶೇ 90ರಷ್ಟು ಪುಡಿ, ಉಳಿದದ್ದು ರಾಳ ಮತ್ತು ಬಣ್ಣ. ಒಲೆಯಿಂದ ಇಳಿಸಿದ ಬಾಣಲೆಯನ್ನು ನೇರ ಅದರ ಮೇಲಿಟ್ಟರೆ ರಾಳ ಸುಟ್ಟು ಹಳದಿ ಗುರುತು ಬೀಳುತ್ತದೆ, ಅದು ಹೋಗುವುದಿಲ್ಲ. ಇನ್ನೂ ದೊಡ್ಡ ಮಾತು ಕೊಯ್ಯುವವರದು. ಅದನ್ನು ಒಣದಾಗಿ ಕೊಯ್ದಾಗ ಏಳುವ ಸಿಲಿಕಾ ದೂಳು ಶ್ವಾಸಕೋಶಕ್ಕೆ ಇಳಿದು ಸಿಲಿಕೋಸಿಸ್ ಬರುತ್ತದೆ, ಅದಕ್ಕೆ ವಾಸಿಯಾಗುವ ಮದ್ದಿಲ್ಲ. ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಈ ಹಲಗೆಯನ್ನು ತಯಾರಿಸುವುದು, ಮಾರುವುದು, ಕೂರಿಸುವುದನ್ನೇ ನಿಷೇಧಿಸಿದೆ. ಗ್ರಾನೈಟಿನಲ್ಲೂ ಸಿಲಿಕಾ ಇದೆ, ಆದರೆ ಕ್ವಾರ್ಟ್ಜ್‌ಗಿಂತ ಬಹಳ ಕಡಿಮೆ. ಯಾವ ಕಲ್ಲೇ ಆಗಲಿ, ನಿಮ್ಮ ಮನೆ ಅಂಗಳದಲ್ಲಿ ಕೊಯ್ಯುವಾಗ ನೀರು ಬಿಟ್ಟುಕೊಂಡೇ ಕೊಯ್ಯಲು ಹೇಳಿ. ಹುಡುಗರು ಮೂಗಿಗೆ ಟವೆಲ್ ಸುತ್ತಿಕೊಂಡು ದೂಳಿನಲ್ಲಿ ಕೂತಿರುತ್ತಾರೆ. ಟವೆಲ್ ಆ ದೂಳನ್ನು ತಡೆಯುವುದಿಲ್ಲ.

3. ತುಂಡು ತಂದು ಪರೀಕ್ಷೆ ಮಾಡಿ

ಎಲ್ಲರೂ ಹಾರಿ ಹೋಗುವ ಹೆಜ್ಜೆ ಇದೇ. ಆಮೇಲೆ ಮೇಸ್ತ್ರಿಗೆ ಬೈಯುತ್ತಾ ಕೂರುವುದೂ ಇದರಿಂದಲೇ.

ನೀವು ಮೆಚ್ಚಿದ ಸ್ಲ್ಯಾಬಿನದೇ ಅಂಗೈ ಅಗಲದ ಎರಡು ತುಂಡು ಕೇಳಿ. ಕೌಂಟರಿನ ಮೇಲೆ ಜೋಡಿಸಿಟ್ಟ ಸ್ಯಾಂಪಲ್ ಬೇಡ, ಅದು ಯಾವ ಕಾಲದ ಯಾವ ಲೋಡಿನದೋ. "ಇಷ್ಟೆಲ್ಲ ಯಾಕೆ ಮಾರಾಯ್ರೇ, ಎಲ್ಲರೂ ಇದನ್ನೇ ಒಯ್ತಾರೆ" ಎನ್ನುತ್ತಾರೆ. ನಗುತ್ತಲೇ ಇಸಿದುಕೊಳ್ಳಿ. ತುಂಡು ಕೊಡಲು ಒಪ್ಪದ ಅಂಗಡಿಯಲ್ಲಿ ಕಲ್ಲು ಕೊಳ್ಳಬೇಡಿ.

ಅಲ್ಲೇ ನಿಂತು ಮಾಡುವ ಕೆಲಸ ಮೂರಿವೆ. ಸ್ಲ್ಯಾಬಿನ ಹಿಂಬದಿ ನೋಡಿ. ಬಲೆಯಂಥ ಫೈಬರ್ ಬಟ್ಟೆ ಅಂಟಿಸಿದ್ದರೆ ಕಲ್ಲು ತನ್ನ ಬಲದಲ್ಲಿ ನಿಂತಿಲ್ಲ, ಅಂಟಿನ ಬಲದಲ್ಲಿ ನಿಂತಿದೆ. ಆಮೇಲೆ ಬೆರಳ ಗೆಣ್ಣಿನಿಂದ ಅಲ್ಲಲ್ಲಿ ತಟ್ಟಿ. ಟಣ್ ಎಂದರೆ ಸರಿ, ಬೊದ್ದು ಸದ್ದು ಬಂದ ಕಡೆ ಒಳಗೆ ಬಿರುಕಿರಬಹುದು. ಮೂರನೆಯದು ಕಪ್ಪು ಗ್ರಾನೈಟಿಗೆ ಮಾತ್ರ. ಬೂದು ಕಲ್ಲಿಗೆ ಕಪ್ಪು ಬಣ್ಣ ಕುಡಿಸಿ ಮಾರುವುದುಂಟು. ಉಗುರಿನ ಬಣ್ಣ ತೆಗೆಯುವ ದ್ರವದ ಸಣ್ಣ ಬಾಟಲಿ ಜೇಬಿನಲ್ಲಿರಲಿ, ಅಸಿಟೋನ್ ಇರುವಂಥದ್ದು. ಬಿಳಿ ಬಟ್ಟೆಗೆ ಹಾಕಿ ಎರಡು ಕಡೆ ಗಟ್ಟಿಯಾಗಿ ಉಜ್ಜಿ. ಬಟ್ಟೆ ಕಪ್ಪಾದರೆ ಆ ಅಂಗಡಿಗೆ ನಮಸ್ಕಾರ ಹೇಳಿ ಹೊರಡಿ.

ಮನೆಗೆ ತಂದ ಮೇಲೆ ತುಂಡುಗಳನ್ನು ಸೋಪು, ಬಿಸಿನೀರಿನಲ್ಲಿ ಚೆನ್ನಾಗಿ ತಿಕ್ಕಿ. ಅಂಗಡಿಯಲ್ಲಿ ಹೊಳಪಿಗೆ ಮೇಣ ಸವರಿರುತ್ತಾರೆ. ಅದು ಹೋಗದಿದ್ದರೆ ನೀವು ಪರೀಕ್ಷೆ ಮಾಡುವುದು ಮೇಣವನ್ನು, ಕಲ್ಲನ್ನಲ್ಲ. ರಾತ್ರಿಯಿಡೀ ಒಲೆ ಪಕ್ಕದಲ್ಲಿಟ್ಟು ಒಣಗಿಸಿ. ಒಂದನ್ನು ಹಾಗೇ ಎತ್ತಿಡಿ, ಹೋಲಿಸಿ ನೋಡಲು ಬೇಕು.

ಇನ್ನೊಂದರ ಮೇಲೆ ಒಂದೊಂದು ಮೂಲೆಗೆ ಒಂದೊಂದು ಹನಿ. ಮೊದಲನೆಯದು ಬರೀ ನೀರು. ಕಾಲು ಗಂಟೆ ಬಿಟ್ಟು ಒರೆಸಿ. ಕೆಳಗೆ ಕಲ್ಲು ಕಪ್ಪಾಗಿದ್ದರೆ ಅದು ನೀರು ಕುಡಿಯುವ ಕಲ್ಲು. ಎರಡನೆಯದು ಹುಳಿ. ನಿಂಬೆಹಣ್ಣು ಸಾಕು, ಕಂಚಿಕಾಯಿ ಇದ್ದರೆ ಇನ್ನೂ ಚಲೋ. ಇದನ್ನೂ ಕಾಲು ಗಂಟೆ ಬಿಡಿ, ಆದರೆ ಪಕ್ಕದಲ್ಲೇ ಕೂತು ನೋಡಿ. ಸುಣ್ಣದ ಜಾತಿಯ ಕಲ್ಲಾದರೆ ಹನಿಯ ಅಂಚಿನಲ್ಲಿ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಏಳುತ್ತವೆ. ಒರೆಸಿದ ಮೇಲೆ ತುಂಡನ್ನು ಕಿಟಕಿ ಬಳಿ ಒಯ್ದು ಬೆಳಕಿಗೆ ಓರೆಯಾಗಿ ಹಿಡಿಯಿರಿ. ಹೊಳಪಿನ ನಡುವೆ ಹನಿಯ ಅಳತೆಗೆ ಮಂಕು ವೃತ್ತ ಕಾಣುತ್ತದೆ. ಉಗುರಾಡಿಸಿದರೆ ತುಸು ತರಿತರಿ. ಅದು ಕಲೆಯಲ್ಲ, ಅಷ್ಟು ಕಲ್ಲು ಕರಗಿ ಹೋಗಿದೆ. ಯಾವ ಸೋಪೂ ಅದನ್ನು ತೆಗೆಯದು. ಅಮಟೆಕಾಯಿ, ವಾಟೆಹುಳಿ, ಅಪ್ಪೆಮಿಡಿ, ಹುಣಸೆ ದಿನಾ ಬೀಳುವ ನಮ್ಮ ಕಟ್ಟೆಗಳಿಗೆ ಈ ಪರೀಕ್ಷೆಯಲ್ಲಿ ಸೋತ ಕಲ್ಲು ಬೇಡವೇ ಬೇಡ.

ಮೂರನೆಯದು ಅರಿಸಿನ ಕಲಸಿದ ಎಣ್ಣೆ, ನಾಲ್ಕನೆಯದು ಅಡಿಕೆ ಚೊಗರು, ಅಂದರೆ ಅಡಿಕೆ ಬೇಯಿಸಿದ ಕೆಂಪು ನೀರು. ಚೊಗರು ಸಿಗದಿದ್ದರೆ ಗಟ್ಟಿ ಚಹಾ ಡಿಕಾಕ್ಷನ್ ಆದೀತು. ಇವೆರಡನ್ನೂ ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ತೊಳೆಯಿರಿ. ಅರಿಸಿನದ ಕಲೆ ಬಿಸಿಲಿಗೆ ಮಾಸುತ್ತದೆ ಎಂದು ಅಂಗಡಿಯವರು ಹೇಳುವುದು ನಿಜವೇ. ಆದರೆ ಜುಲೈ ತಿಂಗಳಲ್ಲಿ ಹೊಸನಗರದ ಅಡುಗೆಮನೆಗೆ ಬಿಸಿಲು ತರುವವರು ಯಾರು? ಚೊಗರಂತೂ ಬಿಳಿ ಕಲ್ಲಿಗೆ ಒಮ್ಮೆ ಹಿಡಿದರೆ ಹಿಡಿದದ್ದೇ. ಅಡಿಕೆ ಸುಲಿಯುವ ಮನೆಯವರು ಬಿಳಿ, ಕೆನೆ ಬಣ್ಣದ ಆಸೆಯನ್ನು ಈ ತುಂಡಿನ ಜೊತೆಗೇ ಬಿಡಿ.

ಕೊನೆಯ ಪರೀಕ್ಷೆ ಮಲೆನಾಡಿಗೇ ಬೇಕಾದದ್ದು. ತಟ್ಟೆಯಲ್ಲಿ ಅರ್ಧ ಇಂಚು ನೀರು ಹಾಕಿ, ತುಂಡಿನ ಕೊಯ್ದ ಅಂಚು ಮುಳುಗುವಂತೆ ನಿಲ್ಲಿಸಿ. ಮರುದಿನ ಒದ್ದೆ ಗೆರೆ ಎಲ್ಲಿಯವರೆಗೆ ಏರಿದೆ ನೋಡಿ. ಮೇಲ್ಮೈಗೆ ಪಾಲಿಶ್ ಇರುತ್ತದೆ, ಅಂಚಿಗೆ ಇರುವುದಿಲ್ಲ. ಸಿಂಕಿಗೆ ತೂತು ಕೊಯ್ದ ಕಡೆ ಕಲ್ಲು ನೀರು ಕುಡಿಯುವುದು ಹೀಗೇ. ಆಗುಂಬೆಯಂಥ ಕಡೆ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ಮೀರಿ ಮಳೆ. ಅಲ್ಲಿ ಒಮ್ಮೆ ಒದ್ದೆಯಾದ ಅಂಚು ದೀಪಾವಳಿಯವರೆಗೆ ಒಣಗುವುದಿಲ್ಲ, ಬೂಷ್ಟು ಅಲ್ಲಿಂದಲೇ ಶುರು. ತಿಳಿ ಬೂದು ಕಲ್ಲಾದರೆ ಇನ್ನೂ ನಾಲ್ಕು ದಿನ ಅದರ ಮೇಲೆ ಒದ್ದೆ ಬಟ್ಟೆ ಹಾಕಿಟ್ಟು ನೋಡಿ. ಕಬ್ಬಿಣದ ಅಂಶವಿರುವ ಕಲ್ಲಿಗೆ ಕಂದು ಚುಕ್ಕಿ ಏಳುತ್ತವೆ.

ಇಷ್ಟನ್ನೂ ಗೆಲ್ಲುವುದು ಸಾಮಾನ್ಯವಾಗಿ ಸಣ್ಣ ಕಾಳಿನ ಕಪ್ಪು ಅಥವಾ ಗಾಢ ಬೂದು ಗ್ರಾನೈಟ್. ಲೆದರ್ ಫಿನಿಶ್, ಅಂದರೆ ಚರ್ಮದಂತೆ ಉಬ್ಬುತಗ್ಗಿರುವ ಮೇಲ್ಮೈ, ಈಗಿನ ಹೊಸ ಶೋಕಿ. ನೋಡಲು ಚೆಂದ, ಆದರೆ ಆ ತಗ್ಗುಗಳಲ್ಲಿ ದೋಸೆ ಹಿಟ್ಟು ಕೂರುತ್ತದೆ. ಸುಮ್ನೆ ಪಾಲಿಶ್ ಕಲ್ಲನ್ನೇ ತಗೊಳ್ಳಿ.

4. ಕೊಯ್ಯಿಸುವುದು, ಕೂರಿಸುವುದು

ದಪ್ಪ 18 ಮಿಲಿಮೀಟರ್‌ಗಿಂತ ಕಡಿಮೆ ಬೇಡ. ಸಿಂಕಿನ ಮುಂದೆ ಕನಿಷ್ಠ ಮೂರು ಇಂಚು ಕಲ್ಲು ಉಳಿಯಲಿ, ಒಡೆಯುವುದು ಯಾವಾಗಲೂ ಅಲ್ಲೇ. ಲಗೇಜ್ ಆಟೋದಲ್ಲಿ ಕಲ್ಲನ್ನು ಮಲಗಿಸಿ ತರಬೇಡಿ, ನಿಲ್ಲಿಸಿ ತನ್ನಿ.

ಎರಡು ಕೆಲಸ ಮೇಸ್ತ್ರಿಗೆ ಬಾಯಿಬಿಟ್ಟು ಹೇಳಬೇಕು, ಇಲ್ಲದಿದ್ದರೆ ಮಾಡುವುದಿಲ್ಲ. ಕಟ್ಟೆಯ ಮುಂದಿನ ಅಂಚಿನ ಅಡಿಯಲ್ಲಿ ಉದ್ದಕ್ಕೂ ಕಾಲುವೆಯಂಥ ಒಂದು ಸಣ್ಣ ಗೀರು ಕೊಯ್ಯಿಸಿ. ಚೆಲ್ಲಿದ ನೀರು ಅಡಿಗೆ ತಿರುಗಿ ಕಪಾಟಿಗೆ ಹೋಗದೆ ಅಲ್ಲೇ ತೊಟ್ಟಿಕ್ಕಿ ಬೀಳುತ್ತದೆ. ಮತ್ತೆ, ಸಿಂಕ್ ಕೂರಿಸುವ ಮೊದಲು ಕೊಯ್ದ ಅಂಚಿಗೆ ಸೀಲರ್, ಅಂದರೆ ಕಲ್ಲು ನೀರು ಕುಡಿಯದಂತೆ ತಡೆಯುವ ದ್ರವ, ಎರಡು ಸಲ ಹಚ್ಚಿಸಿ. ನೀರಿನಲ್ಲಿ ಕಲಸಿದ ಸೀಲರೇ ಸಿಗುತ್ತದೆ, ಥಿನ್ನರ್ ವಾಸನೆಯದು ಬೇಡ. ಕಲ್ಲಿಗೆ ಹೊಳಪು ಬರಿಸುವ ವಾರ್ನಿಷ್ ಥರದ್ದನ್ನು ಮಾರಲು ಬಂದರೆ ಕೊಳ್ಳಬೇಡಿ, ಆರು ತಿಂಗಳಿಗೆ ಸಿಪ್ಪೆ ಏಳುತ್ತದೆ.

5. ಕಟ್ಟೆಯ ಕೆಳಗೆ

ಕಲ್ಲಿಗೆ ಇಷ್ಟು ತಲೆ ಕೆಡಿಸಿಕೊಂಡವರೂ ಇಲ್ಲಿ ಬಂದು ಪಾರ್ಟಿಕಲ್ ಬೋರ್ಡಿಗೆ ಮರುಳಾಗುತ್ತಾರೆ. ಮರದ ಪುಡಿಗೆ ಅಂಟು ಹಾಕಿ ಒತ್ತಿದ ಹಲಗೆ ಅದು. ಅಂಟಿನಿಂದ ಫಾರ್ಮಾಲ್ಡಿಹೈಡ್ ಎಂಬ ಅನಿಲ ಬಿಡುತ್ತಾ ಇರುತ್ತದೆ. ಹೊಸ ಕಪಾಟು ತೆರೆದಾಗ ಕಣ್ಣು ಉರಿಯುತ್ತದಲ್ವಾ, ಅದೇ. ಅಂಚಿನ ಟೇಪ್ ಒಂದು ಕಡೆ ಬಿಟ್ಟರೂ ನಮ್ಮ ತೇವಕ್ಕೆ ಅದು ಉಳಿಯುವುದಿಲ್ಲ.

ನಮ್ಮ ಹಳೇ ಪದ್ಧತಿಯೇ ಮೇಲು. ಕಡಪ ಕಲ್ಲನ್ನು ನಿಲ್ಲಿಸಿ ಗೂಡು ಮಾಡಿ, ಒಳಗಿನ ತಟ್ಟೂ ಕಡಪದ್ದೇ ಇರಲಿ. ಮುಂದೆ ಬಾಗಿಲಿಗೆ ಮಾತ್ರ ಮರ. ನೀರು ಬಿದ್ದರೆ ಒರೆಸಿದರಾಯಿತು, ಒರಲೆಯ ಭಯವೂ ಕಡಿಮೆ.

ಬಾಗಿಲಿಗೆ ಹೊಸ ಮರ ಕಡಿಸಬೇಕಿಲ್ಲ. ಹಳೇ ಮನೆ ಬಿಚ್ಚಿದ ಕಡೆ ಹಲಸು, ಹೊನ್ನೆ, ಮತ್ತಿಯ ತೊಲೆ, ಜಂತೆ, ಕಿಟಕಿ ಚೌಕಟ್ಟು ಸಿಗುತ್ತವೆ. ಎಷ್ಟೋ ಮಳೆಗಾಲ ಕಂಡ ಮರ, ಇನ್ನು ಸೊಟ್ಟ ಆಗುವುದು ಕಡಿಮೆ. ಕೊಳ್ಳುವಾಗ ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಿ, ಪುಸಕ್ಕನೆ ಒಳಗೆ ಹೋದರೆ ಒಳಗಿನಿಂದ ತಿಂದಿದೆ. ಮೊಳೆಗಳನ್ನೆಲ್ಲ ನೀವೇ ಕಿತ್ತು ಆಚಾರ್ರಿಗೆ ಕೊಡಿ, ಅವರ ಗರಗಸ ಉಳಿಯುತ್ತದೆ, ಮುಖವೂ ನಗುತ್ತಿರುತ್ತದೆ. ಸಾಗಿಸಲು ಪಾಸ್ ಬೇಕೋ ಬೇಡವೋ ಎಂದು ವಲಯ ಅರಣ್ಯ ಕಚೇರಿಯಲ್ಲಿ ಮೊದಲೇ ಕೇಳಿಕೊಳ್ಳಿ. ಪ್ಲೈವುಡ್ಡೇ ಆಗಬೇಕು ಅನ್ನುವವರು ನೀರಿಗೆ ತಡೆಯುವ ಮರೈನ್ ಪ್ಲೈವುಡ್ಡಿನ ಐಎಸ್ 710 ಎಂಬ ಗುರುತು ಮತ್ತು ಐಎಸ್ಐ ಮುದ್ರೆ ಎರಡನ್ನೂ ಹಲಗೆಯ ಮೇಲೇ ನೋಡಿ ಕೊಳ್ಳಿ, ಬಿಲ್ಲಿನ ಮೇಲಲ್ಲ.

ಮರಕ್ಕೆ ಪಾಲಿಶ್ ಬದಲು ಅಗಸೆ ಎಣ್ಣೆಗೆ ಸ್ವಲ್ಪ ಜೇನುಮೇಣ ಕರಗಿಸಿ ಹಚ್ಚಿ. ಕೊಬ್ಬರಿ ಎಣ್ಣೆ ಬೇಡ, ಅದು ಒಣಗುವುದಿಲ್ಲ, ದೂಳು ಹಿಡಿಯುತ್ತದೆ. ಒಂದು ಎಚ್ಚರ: ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ತನ್ನಷ್ಟಕ್ಕೇ ಬೆಂಕಿ ಹತ್ತಬಹುದು. ಹೊರಗೆ ಹರಡಿ ಒಣಗಿಸಿ.

6. ಗೋಡೆ ಮತ್ತು ನೆಲ

ಒಲೆ, ಸಿಂಕಿನ ಹಿಂದೆ ಎರಡು ಅಡಿ ಟೈಲ್ಸ್ ಸಾಕು. ಮೇಲೆ ಸುಣ್ಣ ಬಳಿಯಿರಿ. ಪ್ಲಾಸ್ಟಿಕ್ ಪೇಂಟಿನ ಹಿಂದೆ ತೇವ ಸಿಕ್ಕಿಕೊಂಡು ಗುಳ್ಳೆ ಏಳುತ್ತದೆ. ಸುಣ್ಣದ ಗೋಡೆ ಉಸಿರಾಡುತ್ತದೆ, ಅದರ ಕ್ಷಾರಕ್ಕೆ ಬೂಷ್ಟೂ ಸುಲಭಕ್ಕೆ ಹಿಡಿಯುವುದಿಲ್ಲ.

ನೆಲಕ್ಕೆ ಕೆಂಪು ಗಾರೆ ಹಾಕಿಸುವ ಆಸೆ ಎಲ್ಲರಿಗೂ. ಕೈ ಪಳಗಿದ ಮೇಸ್ತ್ರಿ ಸಿಕ್ಕಿದರೆ ಮಾತ್ರ ಮಾಡಿಸಿ. ಒಂದು ಕೋಣೆಯ ಬಣ್ಣದ ಪದರ ಒಂದೇ ದಿನ ಮುಗಿಯಬೇಕು, ಅರ್ಧಕ್ಕೆ ಬಿಟ್ಟು ಊಟಕ್ಕೆ ಎದ್ದರೆ ಆ ಗೆರೆ ಕೊನೆಯವರೆಗೂ ಕಾಣುತ್ತದೆ. ಆಮೇಲೆ ಕನಿಷ್ಠ ವಾರ ನೀರು ಕಟ್ಟಿ ನಿಲ್ಲಿಸಿ. ಮೇಸ್ತ್ರಿ ಸಿಗಲಿಲ್ಲವೇ, ಶಹಾಬಾದ್ ಹಾಸಿ ಮುಗಿಸಿ.

7. ತೊಳೆಯುವುದು

ಅಂಟುವಾಳದ ನೀರು ಅಥವಾ ಪಾತ್ರೆ ಸೋಪು. ಅಷ್ಟೇ. ಟಾಯ್ಲೆಟ್ ತೊಳೆಯುವ ಆಸಿಡ್ಡನ್ನು ಕಟ್ಟೆಗೆ ಹಾಕುವವರಿದ್ದಾರೆ, ಅದು ಕೀಲುಗಳ ಸಿಮೆಂಟನ್ನು ತಿಂದುಹಾಕುತ್ತದೆ. ಹಲಸಿನ ಅಂಟು ಮೆತ್ತಿದರೆ ಕೆರೆಯಬೇಡಿ, ಕೊಬ್ಬರಿ ಎಣ್ಣೆ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು ಒರೆಸಿ. ಸೀಲರ್ ಸವೆದಿದೆಯೋ ಎಂದು ವರ್ಷಕ್ಕೊಮ್ಮೆ ಮೇ ತಿಂಗಳಲ್ಲಿ ನೀರಿನ ಹನಿ ಹಾಕಿ ನೋಡಿ, ಕಪ್ಪಾದರೆ ಇನ್ನೊಂದು ಸಲ ಹಚ್ಚಿ.

ಹಾಂ, ಸಿಂಕಿಗಾಗಿ ಕೊಯ್ದು ತೆಗೆದ ತುಂಡನ್ನು ಕೇಳಿ ಇಸಿದುಕೊಳ್ಳಿ. ಅಷ್ಟು ಚದರಡಿಗೂ ದುಡ್ಡು ಕೊಟ್ಟಿರುತ್ತೀರಿ, ಆದರೆ ಎಷ್ಟೋ ಕಡೆ ಅದು ಮೇಸ್ತ್ರಿಯ ಆಟೋ ಹತ್ತಿ ಹೋಗುತ್ತದೆ. ಅಂಚು ನಯ ಮಾಡಿಸಿದರೆ ಮಿಕ್ಸಿ ಕೆಳಗೆ ಇಡಲು, ರೊಟ್ಟಿ ತಟ್ಟಲು, ಹಿತ್ತಿಲ ಬಾಗಿಲಿನ ಮೆಟ್ಟಿಲಿಗೆ, ಎಲ್ಲಿಗಾದರೂ ಆಗುತ್ತದೆ.